ಉಣ್ಣುವವನ ಇಚ್ಛೆಯೂ ಸರಕಾರದ ಕಟ್ಟಳೆಯೂ

ನಾಲಗೆಗೆ ತಾನೇ ಒಡೆಯನಾಗಿರಲು ತಿಂಡಿಯ ವಿಷಯದಲ್ಲಿ ಸರಕಾರಕ್ಕೇನು ಕೆಲಸವೆಂದು ಕೇಳುವವರುಂಟು. 2024ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೂ ಹತ್ತಿಯಂತಹ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳ ಪೈಕಿ 107, ಮಿಠಾಯಿಯ 25ರಲ್ಲಿ 15 ಅಸುರಕ್ಷಿತವೆಂದು ಕಂಡುಬಂದಿದ್ದವು. ಅವುಗಳಲ್ಲಿ ದೊರೆತ ರೋಡಮಿನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಿಠಾಯಿಗೆ ಕೈನೀಡುವ ಕೂಸು ಬಯಸುವುದು ಸಿಹಿಯನ್ನು. ಆ ಕೆಂಪು ಯಾವ ಮೂಲದ್ದೆಂಬುದು ಹಿರಿಯರ ಕಣ್ಣಿಗೂ ತಿಳಿಯದು. ಅರಿಯದುದನ್ನು ಆರಿಸಿಕೊಳ್ಳುವುದೆಂತು? ಬಣ್ಣವಿಲ್ಲದ ಬಿಳಿಯ ಮಿಠಾಯಿಗಂತೂ ಅಡ್ಡಿಯಿರಲಿಲ್ಲ.

ಉಪ್ಪು, ಸಕ್ಕರೆ, ಎಣ್ಣೆಗಳ ಮಾತು ಬೇರೆ. ಅತಿಯಾದರೆ ಕೆಡುಕೆಂದು ಬಲ್ಲವನು ಮಿರ್ಚಿಯೊಂದನ್ನು ಹೆಚ್ಚಿಗೆ ತಿಂದರೆ ಅದು ಅವನ ಪಾಡು. ಈ ವಿಷಯದಲ್ಲಿ ನಾನೂ ನಿರಪರಾಧಿಯಲ್ಲ. ಆದರೆ ಪೊಟ್ಟಣದ ತಿನಿಸಿನಲ್ಲಿ ಅವೆಷ್ಟಿವೆಯೆಂದು ಅರಿಯಲು ಅದರ ಮೇಲಣ ಬರೆಹವನ್ನು ಓದಬೇಕಷ್ಟೆ. 2020ರ ಕೇಂದ್ರ ನಿಯಮಾವಳಿಯಂತೆ ಆ ವಿವರವು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇದ್ದರೆ ಸಾಕು. ಬೇರೆ ಭಾಷೆಗಳನ್ನು ಸೇರಿಸುವುದು ತಯಾರಕನ ಇಚ್ಛೆ. ಕನ್ನಡವೊಂದನ್ನೇ ಬಲ್ಲ ಯಲಬುರ್ಗಾ ಸೀಮೆಯ ತಾಯಿಯು ಪೊಟ್ಟಣವನ್ನು ತಿರುವಿ ನೋಡಿ, ಓದಲಾರದೆ, ಬೆಲೆಯನ್ನಷ್ಟೇ ಕೇಳಿ ಮಗುವಿನ ಕೈಗಿಡುವಳು.