ವೈನ್ ಪುಸ್ತಕಕ್ಕೆ ಏಳು ವರ್ಷ, ಅಡುಗೆ ಪುಸ್ತಕಕ್ಕೆ ಮೂವತ್ತು: ಪುಣೆಯ ಓದುಗನ ಖರ್ಚಿನ ಲೆಕ್ಕ

ಹೊರದೇಶದಿಂದ ಬರುವ ವೈನ್ ಬಾಟಲಿಗೆ ಭಾರತದ ಸಾಮಾನ್ಯ ಆಮದು ಸುಂಕ ಶೇ 150. ಅದೇ ವೈನ್ ಕುರಿತ ಆಮದು ಪುಸ್ತಕಕ್ಕೆ 2019ರ ಜುಲೈ ಬಜೆಟ್ ವಿಧಿಸಿದ ಸುಂಕ ಶೇ 5; ಅದಕ್ಕೆ ಮೊದಲು ಶೂನ್ಯ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆಯ ಮಟ್ಟಿಗೆ ಓದು ಅಗ್ಗ. ಆದರೆ ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಪುಸ್ತಕ ಆರಿಸುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಬೆಲೆಯನ್ನು ಪುಸ್ತಕ ಬಳಕೆಗೆ ಬರುವ ವರ್ಷಗಳಿಂದ ಭಾಗಿಸಿದಾಗ ಸಿಗುವುದೇ ಅದರ ವಾರ್ಷಿಕ ವೆಚ್ಚ.

ವೈನ್ ಪುಸ್ತಕದ ಆಯುಸ್ಸನ್ನು ಅದರ ಪರಿಷ್ಕರಣೆಯ ಅಂತರವೇ ಹೇಳುತ್ತದೆ. ಹ್ಯೂ ಜಾನ್ಸನ್ ಅವರ ‘ದಿ ವರ್ಲ್ಡ್ ಅಟ್ಲಾಸ್ ಆಫ್ ವೈನ್’ ಮೊದಲು ಪ್ರಕಟವಾದದ್ದು 1971ರಲ್ಲಿ, 8ನೇ ಆವೃತ್ತಿ ಬಂದದ್ದು 2019ರಲ್ಲಿ. 48 ವರ್ಷದಲ್ಲಿ 7 ಪರಿಷ್ಕರಣೆ, ಸರಾಸರಿ 6.9 ವರ್ಷಕ್ಕೊಂದು. ಜಾನ್ಸಿಸ್ ರಾಬಿನ್ಸನ್ ಸಂಪಾದಕತ್ವದಲ್ಲಿ ಆರಂಭವಾದ ‘ದಿ ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ವೈನ್’ 1994, 1999, 2006, 2015 ಮತ್ತು 2023ರಲ್ಲಿ ಬಂದಿದೆ. ಸರಾಸರಿ ಅಂತರ 7.25 ವರ್ಷ. ಎರಡೂ ಗ್ರಂಥಗಳ ಪ್ರಕಾಶಕರು ಏಳು ವರ್ಷದ ಆಸುಪಾಸಿನಲ್ಲಿ ಹಳೆಯ ಪಠ್ಯ ಸಾಲದು ಎಂದು ತೀರ್ಮಾನಿಸಿದ್ದಾರೆ.

‘ಕಂಪ್ಯಾನಿಯನ್’ 5ನೇ ಆವೃತ್ತಿಯ ಮುದ್ರಿತ ಬೆಲೆ 50 ಪೌಂಡ್. ಲೆಕ್ಕದ ಅನುಕೂಲಕ್ಕೆ ಒಂದು ಪೌಂಡ್‌ಗೆ 100 ರೂ. ಎಂದು ಹಿಡಿದರೆ 5,000 ರೂ.; ಶೇ 5 ಸುಂಕ ಸೇರಿ 5,250 ರೂ. ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 750 ರೂ. ಹಿಂದಿನ ಆವೃತ್ತಿ ಅರ್ಧ ಬೆಲೆಗೆ ಸಿಕ್ಕರೂ ಅದರಲ್ಲಿ ಉಳಿದಿರುವ ಆಯುಸ್ಸು ಸೊನ್ನೆ.

ಪುಸ್ತಕದ ಗಾತ್ರವನ್ನು ನೋಡಿ ಅದರ ಉಪಯೋಗವನ್ನು ಅಳೆಯಲಾಗದು. 2012ರ ‘ವೈನ್ ಗ್ರೇಪ್ಸ್’ 1,368 ದ್ರಾಕ್ಷಿ ತಳಿಗಳನ್ನು ವಿವರಿಸುತ್ತದೆ. ಬೆಲೆ 120 ಪೌಂಡ್. ಮೇಲಿನ ಲೆಕ್ಕದಲ್ಲೇ 12,600 ರೂ., ಅಂದರೆ ತಳಿಯೊಂದಕ್ಕೆ 9.21 ರೂ. ಪುಣೆಯಲ್ಲಿ ಸಿಗುವ ದೇಶಿ ವೈನ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ತಳಿಗಳೆಂದರೆ ಶೆನಿನ್ ಬ್ಲಾಂ, ಸೊವಿನ್ಯೋ ಬ್ಲಾಂ, ಶಾರ್ಡನೆ, ವಿಯೋನಿಯೆ, ಶಿರಾಜ್, ಕ್ಯಾಬರ್ನೆ ಸೊವಿನ್ಯೋ, ಮೆರ್ಲೋ, ಜಿನ್‌ಫ್ಯಾಂಡೆಲ್, ಸಾಂಜೊವೆಸೆ ಮತ್ತು ಟೆಂಪ್ರನಿಯೊ. ಈ 10 ತಳಿಗಳು ಪುಸ್ತಕದ ಶೇ 0.73 ಮಾತ್ರ. ಇಷ್ಟನ್ನೇ ತಿಳಿಯಬೇಕಾದವರಿಗೆ ತಳಿಯೊಂದರ ವೆಚ್ಚ 1,260 ರೂ. ಅಂಥ ಗ್ರಂಥದ ಜಾಗ ಗ್ರಂಥಾಲಯ.

ಸ್ಥಳೀಯ ಉಪಯೋಗವನ್ನು ಅಳೆಯಲು ಒಂದು ಸಂಖ್ಯೆ ಸಾಕು: ಬಳ್ಳಿಗೆ ವರ್ಷಕ್ಕೆ ಎಷ್ಟು ಚಾಟ್ನಿ, ಅಂದರೆ ಎಷ್ಟು ಬಾರಿ ಕತ್ತರಿಸುವಿಕೆ? ಯುರೋಪಿನಲ್ಲಿ ಚಳಿಗಾಲದ ಒಂದು. ಕೊಯ್ಲು ಸೆಪ್ಟೆಂಬರ್ ಸುಮಾರಿಗೆ. ಮಹಾರಾಷ್ಟ್ರ ಮತ್ತು ವಿಜಯಪುರದ ಕಡೆ ಎರಡು: ಏಪ್ರಿಲ್‌ನಲ್ಲಿ ಕೊಂಬೆಗಾಗಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ, ವೈನ್ ದ್ರಾಕ್ಷಿಯ ಕೊಯ್ಲು ಮುಖ್ಯವಾಗಿ ಜನವರಿಯಿಂದ ಮಾರ್ಚ್. ದೇಶದ ದ್ರಾಕ್ಷಿಯಲ್ಲಿ ಸುಮಾರು ಮೂರನೇ ಎರಡು ಭಾಗ ಮಹಾರಾಷ್ಟ್ರದ್ದು, ಸುಮಾರು ಕಾಲು ಭಾಗ ಕರ್ನಾಟಕದ್ದು. ಈ ಎರಡು ಚಾಟ್ನಿಗಳ ಉಲ್ಲೇಖವಿಲ್ಲದ ಪುಸ್ತಕ ಇಲ್ಲಿನ ವೈನ್ ಬಗ್ಗೆ ಹೇಳುವುದು ಕಡಿಮೆ.

ಉದ್ಯಮದ ಚಿತ್ರವೂ ಬೇಗ ಬದಲಾಗಿದೆ. 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವ್‌ನ ಇಂಡೇಜ್ ಮುಂಚೂಣಿಯಲ್ಲಿತ್ತು. ಪುಣೆ ಬಳಿಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ 1997ರಲ್ಲಿ ಆರಂಭವಾಯಿತು; ಮಹಾರಾಷ್ಟ್ರದ ದ್ರಾಕ್ಷಿ ಸಂಸ್ಕರಣಾ ನೀತಿ 2001ರದು, ಕರ್ನಾಟಕದ್ದು 2007ರದು. 2022ರ ಡಿಸೆಂಬರ್‌ನಲ್ಲಿ ಷೇರುಪೇಟೆಗೆ ಬಂದಾಗ ನಾಸಿಕ್‌ನ ಸುಲಾ ಕಂಪನಿಯ ಪಾಲು ದೇಶಿ ವೈನ್ ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು. ಅದೇ ತಿಂಗಳ 29ರಂದು ಜಾರಿಗೆ ಬಂದ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ, 5 ಅಮೆರಿಕನ್ ಡಾಲರ್ ಮೀರಿದ ಅಲ್ಲಿನ ವೈನ್ ಬಾಟಲಿಯ ಸುಂಕವನ್ನು ಶೇ 150ರಿಂದ 100ಕ್ಕೂ 15 ಡಾಲರ್ ಮೀರಿದ್ದನ್ನು 75ಕ್ಕೂ ಇಳಿಸಿತು. 2022ಕ್ಕಿಂತ ಹಳೆಯ ಪುಸ್ತಕದ ಬೆಲೆಪಟ್ಟಿಯನ್ನು ಇಂದು ನೆಚ್ಚುವಂತಿಲ್ಲ.

ಪ್ರಾದೇಶಿಕ ಅಡುಗೆ ಪುಸ್ತಕದ ಅಂಕಿಗಳು ಬೇರೆಯೇ ಇವೆ. ಕಮಲಾಬಾಯಿ ಓಗಲೆ ಅವರ ಮರಾಠಿ ‘ರುಚಿರಾ’ 1970ರಲ್ಲಿ ಬಂತು. 2000ದ ಹೊತ್ತಿಗೆ 1.5 ಲಕ್ಷಕ್ಕಿಂತ ಹೆಚ್ಚು ಪ್ರತಿ ಮಾರಾಟವಾಗಿದ್ದವು: 30 ವರ್ಷ, ವರ್ಷಕ್ಕೆ ಸರಾಸರಿ 5,000ಕ್ಕಿಂತ ಹೆಚ್ಚು. ಇಂಥ ಪುಸ್ತಕಕ್ಕೆ 500 ರೂ. ಎಂದು ಹಿಡಿದು 30 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 17 ರೂ. ‘ಕಂಪ್ಯಾನಿಯನ್’ನ 750 ರೂ. ಅದರ 45 ಪಟ್ಟು.

ಅಡುಗೆ ಪುಸ್ತಕದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಅಳತೆ. ‘ವಾಟಿ’ ಎಂದರೆ ಮನೆಯ ಬಟ್ಟಲು, 150 ಮಿ.ಲೀ. ಬಟ್ಟಲಿನ ಬದಲು 200 ಮಿ.ಲೀ. ಬಟ್ಟಲು ಹಿಡಿದರೆ ಪ್ರಮಾಣ ಶೇ 33 ಏರುತ್ತದೆ. ಹಳೆಯ ಪುಸ್ತಕಗಳಲ್ಲಿ ಅಂತರ ಇನ್ನೂ ದೊಡ್ಡದು. 80 ತೊಲದ ಪಕ್ಕಾ ಸೇರು 933 ಗ್ರಾಂ, ಹಳೆ ಮೈಸೂರಿನ 24 ತೊಲದ ಕಚ್ಚಾ ಸೇರು 280 ಗ್ರಾಂ: 3.3 ಪಟ್ಟು. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಯಾಯಿತು. ಆದ್ದರಿಂದ ಲಕ್ಷ್ಮೀಬಾಯಿ ಧುರಂಧರ ಅವರ 1910ರ ‘ಗೃಹಿಣೀಮಿತ್ರ’ದಂಥ ಪುಸ್ತಕ ಕೊಳ್ಳುವಾಗ ಪರಿವರ್ತನೆಯ ಕೋಷ್ಟಕವಿರುವ ಮುದ್ರಣವನ್ನು ಹುಡುಕಬೇಕು.

ಎರಡನೆಯ ಪರೀಕ್ಷೆ ಇಸವಿ. ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚಯ 1994ರ ‘ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್’ನಲ್ಲಿ ಇಡ್ಲಿಯ ಜಾಡನ್ನು ಮೂರು ಗ್ರಂಥಗಳಲ್ಲಿ ಹಿಡಿಯುತ್ತಾರೆ: ಸುಮಾರು 920ರ ‘ವಡ್ಡಾರಾಧನೆ’, 1025ರ ‘ಲೋಕೋಪಕಾರ’, ಸುಮಾರು 1130ರ ‘ಮಾನಸೋಲ್ಲಾಸ’. ಈ 210 ವರ್ಷಗಳ ಉಲ್ಲೇಖಗಳಲ್ಲಿ ಉದ್ದಿನ ಜೊತೆ ಅಕ್ಕಿಯಿಲ್ಲ ಎಂಬುದನ್ನೂ ಗುರುತಿಸುತ್ತಾರೆ. ಪುಣೆಯಲ್ಲಿ 1917ರಲ್ಲಿ ಸ್ಥಾಪನೆಯಾದ ಭಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಯ ಪಿ.ಕೆ. ಗೋಡೆ ಆಹಾರ ಕುರಿತ ಸಂಸ್ಕೃತ ಗ್ರಂಥ ‘ಭೋಜನಕುತೂಹಲ’ದ ಕಾಲವನ್ನು 1675-1700 ಎಂದು ನಿರ್ಧರಿಸಿದ್ದೂ ಇಂಥದೇ ಕೆಲಸ. ‘ಪುರಾತನ ಕಾಲದಿಂದ’ ಎಂದಷ್ಟೇ ಬರೆದು ಇಸವಿ ಕೊಡದ ಪುಸ್ತಕ ಈ ಪರೀಕ್ಷೆಯಲ್ಲಿ ನಪಾಸು.

10,000 ರೂ. ಇರುವವರಿಗೆ ಹಂಚಿಕೆ ಹೀಗೆ: 5,250 ರೂ.ಗೆ ಇತ್ತೀಚಿನ ಆವೃತ್ತಿಯ ಒಂದೇ ವೈನ್ ಆಕರಗ್ರಂಥ. ಉಳಿದ 4,750 ರೂ.ಗಳಲ್ಲಿ ತಲಾ 500 ರೂ. ದರದಲ್ಲಿ ಪ್ರಾದೇಶಿಕ ಆಹಾರದ 9 ಪುಸ್ತಕ ಬರುತ್ತವೆ. ಆ ಒಂಬತ್ತರ ಒಟ್ಟು ವಾರ್ಷಿಕ ವೆಚ್ಚ 150 ರೂ., ವೈನ್ ಗ್ರಂಥದ ಐದನೇ ಒಂದು ಭಾಗ. ಎರಡನೇ ವೈನ್ ಪುಸ್ತಕ ಕೊಳ್ಳಲು ಈ ಲೆಕ್ಕದಲ್ಲಿ ಕಾರಣವಿಲ್ಲ.