ಒಬ್ಬ ನಿರಾಶ್ರಿತ, ಇನ್ನೊಬ್ಬ ನುಸುಳುಕೋರ
(ಕುಪ್ಪಗಡ್ಡೆ ಮಸೀದಿಯ ಜುಮಾ ಖುತ್ಬಾದ ಸಾರಾಂಶ)

ಸಹೋದರರೇ, ಸೂರಃ ಅನ್ನಿಸಾದ 105ನೇ ವಚನ ಮತ್ತು ಅದರ ಮುಂದಿನ ಕೆಲವು ವಚನಗಳು ಅವತೀರ್ಣವಾದ ಸಂದರ್ಭವನ್ನು ತಫ್ಸೀರ್ ಗ್ರಂಥಗಳು ಹೀಗೆ ತಿಳಿಸುತ್ತವೆ. ಮದೀನಾದ ಅನ್ಸಾರರ ಒಂದು ಕುಲದ ತುಅಮಃ ಎಂಬವನು ಯುದ್ಧಕವಚವೊಂದನ್ನು ಕದ್ದ. ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಮನೆಗೆ ದಾಟಿಸಿದ. ಮಾಲು ಅಲ್ಲೇ ಸಿಕ್ಕಿತು. ಕುಲದವರು ಪ್ರವಾದಿ(ಸ)ರ ಬಳಿಗೆ ಬಂದು, ನಮ್ಮವನ ಪರವಾಗಿ ಮಾತಾಡಬೇಕೆಂದು ಕೇಳಿಕೊಂಡರು. ಆಗ ಬಂದ ದಿವ್ಯವಾಣಿ ಆ ಯಹೂದಿಯನ್ನು ನಿರ್ದೋಷಿಯಾಗಿಸಿತು. ತನ್ನ ತಪ್ಪನ್ನು ನಿರಪರಾಧಿಯ ತಲೆಗೆ ಕಟ್ಟುವವನನ್ನು ಕಠಿಣವಾಗಿ ಎಚ್ಚರಿಸಿತು. ಮುಸ್ಲಿಮನ ವಿರುದ್ಧ, ಯಹೂದಿಯ ಪರ ಬಂದ ಆ ವಚನಗಳನ್ನು ನಾವು ಇಂದಿಗೂ ನಮಾಝಿನಲ್ಲಿ ಓದುತ್ತೇವೆ.

ಇದನ್ನು ಇಂದು ನೆನಪಿಸಲು ಕಾರಣ, ಅಕ್ರಮ ವಲಸಿಗರ ಕುರಿತ ಚರ್ಚೆ. ಟಿವಿ ಹಾಕಿದರೆ ಅದೇ, ಸಂತೆಗೆ ಹೋದರೂ ಅದೇ. ನಮ್ಮ ಕಡೆಯ ಅಡಿಕೆ ಕೆಲಸಕ್ಕೆ ಹೊರ ರಾಜ್ಯದಿಂದ ಬಂದ ಹುಡುಗ ಬಂಗಾಳಿ ಮಾತಾಡಿದರೆ ಸಾಕು, ಜನ ತಿರುಗಿ ನೋಡುತ್ತಾರೆ. ಪಶ್ಚಿಮ ಬಂಗಾಳವೂ ಅಸ್ಸಾಮೂ ಭಾರತದಲ್ಲೇ ಇವೆ ಎಂಬುದು ಆ ಕ್ಷಣಕ್ಕೆ ಮರೆತುಹೋಗುತ್ತದೆ.

ಮೊದಲು ಕಾನೂನು ಏನೆನ್ನುತ್ತದೆ ನೋಡೋಣ. 1955ರ ಪೌರತ್ವ ಕಾಯ್ದೆಯ ಪ್ರಕಾರ ಸರಿಯಾದ ಪಾಸ್‌ಪೋರ್ಟ್, ದಾಖಲೆ ಇಲ್ಲದೆ ಒಳಬಂದ ವಿದೇಶಿಯೂ ಅಕ್ರಮ ವಲಸಿಗ. ವೀಸಾ ಹಿಡಿದು ಬಂದು ಅವಧಿ ಮುಗಿದ ಮೇಲೂ ಉಳಿದವನೂ ಅಕ್ರಮ ವಲಸಿಗನೇ. ಅಲ್ಲಿ ಧರ್ಮದ ಮಾತಿರಲಿಲ್ಲ. 2019ರ ತಿದ್ದುಪಡಿಯಲ್ಲಿ ಅದು ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅಕ್ರಮ ವಲಸಿಗರೆಂದು ಎಣಿಸುವುದಿಲ್ಲ. ಮುಸ್ಲಿಮರ ಹೆಸರಿಲ್ಲ. ಶ್ರೀಲಂಕಾದಿಂದ ಓಡಿಬಂದ ತಮಿಳರೂ ಅದರಲ್ಲಿ ಸೇರಿಲ್ಲ, ಅವರಲ್ಲಿ ಬಹುತೇಕರು ಹಿಂದೂಗಳಾಗಿದ್ದರೂ. ಇದನ್ನು ಎತ್ತಿ ಹೇಳುವವರು ಕಡಿಮೆ.

ಕರ್ನಾಟಕಕ್ಕೆ ಹೊರದೇಶದ ನಿರಾಶ್ರಿತರು ಹೊಸಬರಲ್ಲ. ಸೊರಬಕ್ಕೆ ದೂರವೇನಲ್ಲದ ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರಿದ್ದಾರೆ. ಬೈಲಕುಪ್ಪೆಯಲ್ಲಿ ಅದಕ್ಕೂ ಮೊದಲಿನಿಂದ ಇದ್ದಾರೆ. ಸರಕಾರ ಜಮೀನು ಕೊಟ್ಟಿತು, ಅವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಮಠ ಕಟ್ಟಿದರು. ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿವೆ. ಇವೆಲ್ಲ ಒಳ್ಳೆಯ ಕೆಲಸಗಳು. ನಮ್ಮಲ್ಲಿ ಯಾರಾದರೂ "ಅವರಿಗೆ ಯಾಕೆ ಕೊಟ್ಟರು" ಎಂದು ಕೇಳಿದರೆ ಅದು ಹೊಟ್ಟೆಕಿಚ್ಚು, ನ್ಯಾಯವಲ್ಲ. ಸಿಂಧನೂರಿನ ಕೆಲವು ಕುಟುಂಬಗಳು ದಶಕಗಳ ಕಾಲ ಪೌರತ್ವವಿಲ್ಲದೆ ಕಷ್ಟಪಟ್ಟವು. ಆ ಕಷ್ಟ ಮುಸ್ಲಿಮನ ಕಷ್ಟದಂತೆಯೇ ಕಷ್ಟ.

ಇನ್ನೊಂದು ಕಡೆ ನೋಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಲಾಯಿತು. ಅಲ್ಲಿರುವವರು ಬಾಂಗ್ಲಾದೇಶಿಯರು ಎಂಬ ವಿಡಿಯೋ ಅದಕ್ಕೂ ಕೆಲವು ದಿನ ಮೊದಲು ಹರಿದಾಡಿತ್ತು. ಬೀದಿಗೆ ಬಿದ್ದವರು ಆಧಾರ್, ಮತದಾರರ ಚೀಟಿ ಹಿಡಿದು ನಿಂತರು. ಅಸ್ಸಾಮಿನವರಿದ್ದರು, ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು! ಕನ್ನಡ ಮಾತಾಡುವ ಕೂಲಿಯ ಗುಡಿಸಲು ಬಾಂಗ್ಲಾದೇಶಿಯ ಹೆಸರಿನಲ್ಲಿ ಬಿತ್ತು. ವಿಷಯ ಹೈಕೋರ್ಟಿಗೆ ಹೋಯಿತು. ಕೋರ್ಟು ತೆರವನ್ನು ತಡೆಯಿತು, ಪೊಲೀಸರ ಕ್ರಮವನ್ನು ಪ್ರಶ್ನಿಸಿತು. ಆದರೆ ವಿಡಿಯೋ ನೋಡಿದಷ್ಟು ಜನ ಕೋರ್ಟಿನ ಮಾತನ್ನು ಕೇಳಲಿಲ್ಲ. ಸುದ್ದಿ ಬಂದಾಗ ಮೊದಲು ಪರಿಶೀಲಿಸಿರಿ ಎಂಬ ಸೂರಃ ಅಲ್‌ಹುಜುರಾತ್‌ನ ಆದೇಶವನ್ನು ಫಾರ್ವರ್ಡ್ ಮಾಡುವ ನಮ್ಮ ಯುವಕರೂ ಮರೆಯುತ್ತಾರೆ.

ಅಕ್ರಮವಾಗಿ ಬಂದವರೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಂದಿದ್ದಾರೆ, ಅವರಲ್ಲಿ ಮುಸ್ಲಿಮರೂ ಇದ್ದಾರೆ. ಗಡಿ ಕಾಯುವುದು ಯಾವುದೇ ದೇಶದ ಹಕ್ಕು. ಸುಳ್ಳು ಆಧಾರ್ ಮಾಡಿಸಿಕೊಡುವ ದಲ್ಲಾಳಿ ಕಲಿಮಾ ಹೇಳುವವನಾದರೂ ಅವನ ಪರ ನಿಲ್ಲುವುದು ತುಅಮಃನ ಕುಲದವರು ಮಾಡಿದ ಕೆಲಸವೇ. ನಾವು ಕೇಳುವುದು ಇಷ್ಟೇ: ವೀಸಾ ಮುಗಿದ ಪ್ರವಾಸಿಗೂ ಬೇಲಿ ದಾಟಿದ ಕೂಲಿಗೂ ತಕ್ಕಡಿ ಒಂದೇ ಇರಬೇಕು, ತಪ್ಪು ಸಾಬೀತಾಗುವ ಮೊದಲು ಮನೆ ಬೀಳಬಾರದು.

ಒಂದು ವ್ಯಾವಹಾರಿಕ ಮಾತು. ವಿದೇಶಿಯೆಂಬ ಸಂಶಯ ಬಂದರೆ, ಅಲ್ಲ ಎಂದು ತೋರಿಸುವ ಹೊರೆಯನ್ನು ಕಾನೂನು ಆ ವ್ಯಕ್ತಿಯ ಮೇಲೆಯೇ ಹಾಕಿದೆ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆ ನಂತರ 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರು ಪೌರರಾಗಿರಬೇಕು. ಅದರ ನಂತರದವರಿಗೆ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಆದ್ದರಿಂದ ಮಕ್ಕಳ ಜನನ ಪ್ರಮಾಣಪತ್ರ ಮಾಡಿಸಿ. ಶಾಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಕಾಗುಣಿತ ಇರುವವರು ನಮ್ಮಲ್ಲಿ ಬಹಳ, ಅದನ್ನು ಸರಿಪಡಿಸಿಕೊಳ್ಳಿ. ತೋಟದ ಕೆಲಸಕ್ಕೆ ಬಂದ ಹೊರಗಿನ ಹುಡುಗರಿಗೂ ಇದನ್ನು ಹೇಳಿ, ಅವರು ನಮಾಝಿಗೆ ಬರುವವರಾಗಲಿ, ಬಾರದವರಾಗಲಿ.