ಹತ್ತದ ಈಡು

ಟ್ರಿಗರನ್ನು ಎಳೆದರೂ ಬಂದೂಕು ಸಿಡಿಯದೆ ಹೋದರೆ ‘ಈಡು ಹತ್ತಲಿಲ್ಲ’ ಎನ್ನುವುದು ರೂಢಿ. ಸಿಡಿಯುವ ಬಂದೂಕಿಗೆ ಎಲ್ಲರೂ ಅಂಜುತ್ತಾರೆ. ಸಿಡಿಯದೆ ಸುಮ್ಮನಾದ ಬಂದೂಕಿಗೆ ಅಂಜುವವರು ವಿರಳ. ಹಿಡಿದವನ ಕಣ್ಣಿಗೂ ಕೈಗೂ ಕೇಡು ತರುವುದು ಅನೇಕ ವೇಳೆ ಈ ಮೌನವೇ.

ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳ ಮಾತನ್ನೇ ತೆಗೆದುಕೊಳ್ಳೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಡಿಯೂ ಬೇಟೆಯ ವಿನೋದವನ್ನು ಕೊನೆಗಾಣಿಸಿದವು. ಆದರೂ ಹಿಂದಿನವರ ಬೇಟೆಯ ರೈಫಲು, ಬೆಳೆಯ ರಕ್ಷಣೆಗೋ ಆತ್ಮರಕ್ಷಣೆಗೋ ಪಡೆದ ಲೈಸೆನ್ಸಿನ ಮೇಲೆ, ಹಳ್ಳಿಯ ಮನೆಗಳಲ್ಲಿ ಉಳಿದಿರುವುದುಂಟು. ಬೆಂಗಳೂರಿನಲ್ಲಿ ನೆಲಸಿ ಹಬ್ಬಕ್ಕೆ ಊರಿಗೆ ಹೋಗುವ ಶ್ರೋತೃಗಳಲ್ಲಿ ಕೆಲವರ ಮನೆಯಲ್ಲಿಯೂ ಅಂಥದೊಂದು ಇರಬಹುದು. ವರ್ಷಗಟ್ಟಲೆ ಮೂಲೆಯಲ್ಲಿದ್ದು, ಚುನಾವಣೆ ಬಂದಾಗ ಪೋಲೀಸು ಠಾಣೆಗೆ ಹೋಗಿ ಬರುವುದೇ ಅದರ ಸಂಚಾರ. ಇಂಥ ಬಂದೂಕಿನಲ್ಲಿಯೇ ಈಡು ಹುಸಿಯಾಗುವುದು ಹೆಚ್ಚು.

ಈಡು ಹತ್ತುವ ಬಗೆಯನ್ನು ಮೊದಲು ತಿಳಿಯಬೇಕು. ಇದೇ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಕಾಲದ ಕೋವಿಗಳಲ್ಲಿ, ಉರಿಯುವ ಬತ್ತಿಯೋ ಚಕಮಕಿ ಕಲ್ಲಿನ ಕಿಡಿಯೋ ರಂಜಕಕ್ಕೆ ತಗಲಿ, ಅದರಿಂದ ಒಳಗಿನ ಮದ್ದು ಹೊತ್ತಬೇಕಾಗಿತ್ತು. ಮಳೆ ಬಂದರೆ ಕೋವಿಗೂ ದೊಣ್ಣೆಗೂ ಹೆಚ್ಚಿನ ಭೇದವಿರಲಿಲ್ಲ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿಯಾದ ಅಲೆಕ್ಸಾಂಡರ್ ಫಾರ್ಸೈತ್ ಎಂಬವನು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸುವ ಉಪಾಯಕ್ಕೆ ಪೇಟೆಂಟು ಪಡೆದನು. ಇಂದಿನ ತೋಟಾದ ಬುಡದಲ್ಲಿರುವ ಕೇಪು ಆ ಉಪಾಯದ ಸಂತತಿ. ಇಶಾಪುರದ ಕಾರ್ಖಾನೆಯ .315 ರೈಫಲಿನಂಥ ಬಂದೂಕಿನಲ್ಲಿ, ಬೋಲ್ಟಿನೊಳಗಿನ ಸ್ಪ್ರಿಂಗು ಉಕ್ಕಿನ ಮೊಳೆಯೊಂದನ್ನು ಮುಂದಕ್ಕೆ ತಳ್ಳುತ್ತದೆ. ಮೊಳೆಯು ಕೇಪನ್ನು ಕುಟ್ಟುತ್ತದೆ. ಕೇಪಿನ ಜ್ವಾಲೆ ಮದ್ದನ್ನು ಹೊತ್ತಿಸುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಈಡು ಹುಸಿ.

ಹುಸಿಯಾದೊಡನೆ ಬೋಲ್ಟನ್ನು ತೆರೆಯಕೂಡದು. ತೇವ ತಗಲಿದ ಕೇಪು ಅಥವಾ ಮದ್ದು ಮೆಲ್ಲನೆ ಕನಲುತ್ತಿದ್ದು, ತುಸು ತಡವಾಗಿ ಸಿಡಿಯಬಹುದು. ಆ ವೇಳೆಗೆ ಬೋಲ್ಟು ತೆರೆದಿದ್ದರೆ, ಉಕ್ಕಿನ ಗೂಡಿನ ಆಸರೆಯಿಲ್ಲದ ಹಿತ್ತಾಳೆಯ ತೋಟಾ ಒಡೆದು ಚೂರುಗಳು ಮುಖಕ್ಕೆ ಬಡಿಯುತ್ತವೆ. ನಳಿಗೆಯ ಬಾಯನ್ನು ಜನರಿಲ್ಲದ, ಹಿಂದೆ ಮಣ್ಣಿನ ದಿಬ್ಬವಿರುವ ಕಡೆಗೆ ಹಿಡಿದು ನಿಂತಲ್ಲಿಯೇ ಕಾಯಬೇಕು. ಅರ್ಧ ನಿಮಿಷಕ್ಕೆ ಕಡಮೆಯಾಗಬಾರದು. ಪೂರ್ಣ ಒಂದು ನಿಮಿಷ ಕಾದರೆ ಮತ್ತೂ ಲೇಸು. ಅನಂತರ ಮುಖವನ್ನು ಪಕ್ಕಕ್ಕೆ ತಿರುಗಿಸಿ ತೋಟಾವನ್ನು ಹೊರತೆಗೆಯತಕ್ಕದ್ದು.

ವೈದ್ಯನಿಗೆ ನಾಡಿಯಿದ್ದಂತೆ ಇಲ್ಲಿ ಕೇಪಿನ ಮೇಲಣ ಗುರುತು. ಗುಳಿ ಆಳವಾಗಿ, ನಟ್ಟನಡುವೆ ಬಿದ್ದಿದ್ದರೆ ಬಂದೂಕು ತನ್ನ ಕೆಲಸವನ್ನು ಮಾಡಿದೆ, ದೋಷವು ಬಹುಮಟ್ಟಿಗೆ ತೋಟಾದ್ದು. ತೇವದಿಂದಲೋ, ಧಾರಾಳವಾಗಿ ಸುರಿದ ಎಣ್ಣೆ ಒಳಗಿಳಿದುದರಿಂದಲೋ ಕೇಪು ಸತ್ತಿರುತ್ತದೆ. ಗುಳಿ ಮೇಲುಮೇಲಿನದಾಗಿದ್ದರೆ ಪೆಟ್ಟಿಗೆ ಬಲ ಸಾಲದು: ಬೋಲ್ಟಿನೊಳಗೆ ಹಳೆಯ ಗ್ರೀಸು ಗಟ್ಟಿಯಾಗಿರಬಹುದು, ಸ್ಪ್ರಿಂಗು ಸೋತಿರಬಹುದು, ಮೊಳೆಯ ತುದಿ ಸವೆದಿರಬಹುದು, ಇಲ್ಲವೆ ಬೋಲ್ಟು ಪೂರ್ತಿಯಾಗಿ ಮುಚ್ಚದಿದ್ದಿರಬಹುದು. ಗುರುತೇ ಇಲ್ಲದಿದ್ದರೆ ಮೊಳೆ ಮುರಿದಿದೆಯೋ ಸೇಫ್ಟಿ ಹಾಕಿದೆಯೋ ನೋಡಬೇಕು. ಗ್ರೀಸನ್ನು ಒರಸುವುದು ಮನೆಯಲ್ಲಾಗುವ ಕೆಲಸ. ಸ್ಪ್ರಿಂಗು, ಮೊಳೆಗಳ ಕೆಲಸ ಲೈಸೆನ್ಸುಳ್ಳ ಬಂದೂಕಿನ ಕಮ್ಮಾರನದು. ಹುಸಿಯಾದ ತೋಟಾವನ್ನು ಮತ್ತೆ ಮತ್ತೆ ಹೊಡೆದು ಪರೀಕ್ಷಿಸುವುದು ಜಾಣತನವಲ್ಲ.

ಎಲ್ಲಕ್ಕಿಂತ ಘೋರವಾದುದು ಅರೆಹತ್ತಿದ ಈಡು. ‘ಢಂ’ ಎನ್ನಬೇಕಾದ ಬಂದೂಕು ‘ಟುಸ್’ ಎಂದರೆ, ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಮತ್ತೊಂದನ್ನು ಹಾರಿಸಿದರೆ ನಳಿಗೆಯೇ ಸೀಳಿಹೋದೀತು. ಒಡನೆ ನಿಲ್ಲಿಸಿ, ಕಾದು, ತೋಟಾಗಳನ್ನೆಲ್ಲ ಹೊರತೆಗೆದು, ಬೋಲ್ಟನ್ನು ಕಳಚಿ ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುವುದೇ ಎಂದು ನೋಡಬೇಕು. ಕಾಣದಿದ್ದರೆ ಕಮ್ಮಾರನೇ ಗತಿ.

ತೋಟಾಗಳನ್ನು ತೇವವೂ ಬೇಗೆಯೂ ತಗಲದ, ಮಕ್ಕಳ ಕೈಗೆ ಎಟುಕದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದು ಕ್ಷೇಮ. ಕಿಲುಬು ಹಿಡಿದ ತೋಟಾಗಳನ್ನು ಒಲೆಗೆ ಹಾಕಲೂ ಬಾರದು, ಬಿಚ್ಚಲೂ ಬಾರದು. ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಬೇಕು. ಊರಿನ ಮನೆಯಲ್ಲಿ ಲೈಸೆನ್ಸುದಾರರಾದ ಹಿರಿಯರಿದ್ದರೆ, ಮುಂದಿನ ಸಲ ಹೋದಾಗ ಆ ಒಂದು ನಿಮಿಷದ ಮಾತನ್ನಾದರೂ ಅವರಿಗೆ ತಲಪಿಸಬೇಕೆಂದು ಬಿನ್ನಹ.